ಗದ್ದೆ ಏಡಿ, ನಳ್ಳಿ, ಕ್ರೇಫಿಶ್: ಮಂಡ್ಯ–ಮೈಸೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾಲೆಗೆ ನೀರು ಬಿಟ್ಟು ನಾಟಿ ಶುರುವಾಯಿತು ಅಂದರೆ ಏಡಿ ಬಗ್ಗೆ ಪ್ರಶ್ನೆಗಳೂ ಶುರು. ರೈತರು ಕೇಳುವುದು ಒಂದು, ಮನೆಯಲ್ಲಿ ಆಕ್ವೇರಿಯಂ ಇಟ್ಟಿರುವ ಹುಡುಗರು ಕೇಳುವುದು ಇನ್ನೊಂದು, ಬಿಎಸ್ಸಿ ಪ್ರಾಜೆಕ್ಟ್ ಮಾಡುವವರದ್ದು ಬೇರೆಯೇ. ಎಲ್ಲ ಒಂದೇ ಕಡೆ ಸಿಗಲಿ ಅಂತ ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಗದ್ದೆ ಏಡಿ (ನಳ್ಳಿ ಅನ್ನುವುದೂ ಇದನ್ನೇ) ಒಂದು ಕೆರೆಯಿಂದಲೋ ಒಂದು ಬಯಲಿನಿಂದಲೋ ಪೂರ್ತಿ ಹೋಯಿತು ಅಂದರೆ, ತಾನಾಗಿ ವಾಪಸ್ ಬರುವುದು ಬಹಳ ಕಷ್ಟ. ಕೆಳಗಿನ ಹೆಚ್ಚಿನ ಉತ್ತರಗಳು ಈ ಒಂದು ವಿಷಯದ ಮೇಲೆ ನಿಂತಿವೆ.

ಕ್ರೇಫಿಶ್ ಅಂದ್ರೆ ಏನು? ನಮ್ಮ ಕಾವೇರಿಯಲ್ಲಿ ಇದೆಯಾ?

ಇಲ್ಲ. ಕ್ರೇಫಿಶ್ ನೋಡಲು ಸಣ್ಣ ಲಾಬ್‌ಸ್ಟರ್ ತರ ಇರುತ್ತದೆ. ಉದ್ದ ಮೈ, ಗಟ್ಟಿ ಚಿಪ್ಪು, ಮುಂದೆ ಎರಡು ದಪ್ಪ ಕೊಂಡಿ. ಸಿಹಿನೀರಿನಲ್ಲೇ ಹುಟ್ಟಿ ಸಿಹಿನೀರಿನಲ್ಲೇ ಸಾಯುತ್ತದೆ. ಪ್ರಪಂಚದಲ್ಲಿ 650ಕ್ಕೂ ಹೆಚ್ಚು ಜಾತಿ ಇವೆ. ಅತಿ ಹೆಚ್ಚು ಇರುವುದು ಅಮೆರಿಕದ ಆಗ್ನೇಯ ಭಾಗದಲ್ಲಿ, ಆಮೇಲೆ ಆಸ್ಟ್ರೇಲಿಯಾದಲ್ಲಿ. ಯುರೋಪ್, ಜಪಾನ್, ಕೊರಿಯಾ, ದಕ್ಷಿಣ ಅಮೆರಿಕ, ಮಡಗಾಸ್ಕರ್‌ನಲ್ಲೂ ಇವೆ. ಭಾರತದಲ್ಲಿ ಮಾತ್ರ ಒಂದೇ ಒಂದು ಸ್ಥಳೀಯ ಜಾತಿ ಇಲ್ಲ. ಆಫ್ರಿಕಾದ ಮುಖ್ಯ ಭೂಭಾಗದಲ್ಲೂ ಇಲ್ಲ.

ಹಾಗಾದರೆ ಅಲ್ಲಿ ಕ್ರೇಫಿಶ್ ಮಾಡುವ ಕೆಲಸವನ್ನು ಇಲ್ಲಿ ಯಾರು ಮಾಡುತ್ತಾರೆ? ಅದೇ ನಮ್ಮ ಏಡಿ. ಕೊಳೆತ ಎಲೆ ಕತ್ತರಿಸುವುದು, ಸತ್ತ ಮೀನು ತಿಂದು ನೀರು ಚೊಕ್ಕ ಮಾಡುವುದು, ಮಣ್ಣಿನಲ್ಲಿ ಬಿಲ ತೋಡಿ ಒಳಗೆ ಗಾಳಿ ನೀರು ಆಡುವ ಹಾಗೆ ಮಾಡುವುದು, ಹಕ್ಕಿಗೂ ನೀರುನಾಯಿಗೂ ಊಟ ಆಗುವುದು, ಎಲ್ಲವೂ. ಅದಕ್ಕೇ ಕ್ರೇಫಿಶ್ ಉಳಿಸುವ ಬಗ್ಗೆ ಬೇರೆ ದೇಶದವರು ಕಲಿತ ಪಾಠ ನಮ್ಮ ಏಡಿಗೂ ಬಹಳ ಮಟ್ಟಿಗೆ ಹೊಂದುತ್ತದೆ.

ಗದ್ದೇಲಿ ಸಿಗೋ ಏಡಿ, ಮಂಗಳೂರಿಂದ ಬರೋ ಏಡಿ ಎರಡೂ ಒಂದೇನಾ?

ಅಲ್ಲ. ದೂರದ ನೆಂಟರು ಅನ್ನಬಹುದು, ಅಷ್ಟೇ. ಸಮುದ್ರದ ಏಡಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಬರುವ ಮರಿ ಏಡಿ ತರ ಇರುವುದೇ ಇಲ್ಲ, ಕಣ್ಣಿಗೆ ಕಾಣುವುದೇ ಕಷ್ಟ ಅನ್ನುವಷ್ಟು ಸಣ್ಣ ಹುಳುವಿನ ತರ ನೀರಿನಲ್ಲಿ ತೇಲುತ್ತಾ ಎಲ್ಲೆಲ್ಲಿಗೋ ಹೋಗುತ್ತದೆ. ಗದ್ದೆ ಏಡಿಯದ್ದು ಹಾಗಲ್ಲ. ಮೊಟ್ಟೆ ದಪ್ಪ, ಲೆಕ್ಕ ನೂರರಲ್ಲಿ. ಮೊಟ್ಟೆಯ ಒಳಗೇ ಮರಿಯ ಬೆಳವಣಿಗೆ ಮುಗಿದು, ಹೊರಗೆ ಬರುವಾಗ ಕಾಲು, ಕೊಂಡಿ, ಕಣ್ಣು ಎಲ್ಲ ಇರುವ ಪುಟ್ಟ ಏಡಿಯಾಗೇ ಬರುತ್ತದೆ.

ತಾಯಿ ಏಡಿಯನ್ನು ಹಿಂದಿನಿಂದ ಮೆಲ್ಲಗೆ ಹಿಡಿದು ತಿರುಗಿಸಿ ನೋಡಿ. ಹೊಟ್ಟೆಯ ಕೆಳಗೆ ಅಗಲವಾದ ಒಂದು ಮುಚ್ಚಳ ಇರುತ್ತದೆ. ಅದು ಸ್ವಲ್ಪ ಎದ್ದಿದ್ದರೆ ಅಂಚಿನಲ್ಲಿ ಸಣ್ಣ ಸಣ್ಣ ಕಾಲುಗಳು ಆಡುವುದು ಕಾಣುತ್ತದೆ. ಒಳಗೆ ಮರಿಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿರುತ್ತವೆ, ಮೈ ಇನ್ನೂ ಪಾರದರ್ಶಕ, ಕಣ್ಣು ಮಾತ್ರ ಕಪ್ಪು ಚುಕ್ಕೆ. ಒಂದೆರಡು ಮರಿ ಹೊರಗೆ ಬಂದು ತಾಯಿಯ ಕಾಲಿನ ಮೇಲೆ ಹತ್ತಿ, ಮತ್ತೆ ಒಳಗೆ ಓಡುತ್ತವೆ. ನೋಡಿದ ಮೇಲೆ ಅದನ್ನು ಹಿಡಿದ ಜಾಗದಲ್ಲೇ ಬಿಟ್ಟುಬಿಡಿ, ದಯವಿಟ್ಟು.

ತೇಲುವ ಮರಿ ಇಲ್ಲ ಅಂದರೆ ಏನಾಗುತ್ತದೆ ಯೋಚಿಸಿ. ಸಮುದ್ರದ ಒಂದು ಕಡೆ ಏಡಿ ಕಮ್ಮಿಯಾದರೆ ಇನ್ನೊಂದು ಕಡೆಯಿಂದ ಮರಿಗಳು ತೇಲಿ ಬಂದು ತುಂಬಬಹುದು. ಗದ್ದೆ ಏಡಿಗೆ ಆ ದಾರಿ ಇಲ್ಲ. ನಡೆದೇ ಬರಬೇಕು. ಮಧ್ಯದಲ್ಲಿ ರಸ್ತೆ, ಕಾಂಕ್ರೀಟ್ ನಾಲೆ, ಲೇಔಟ್ ಬಂದಿದ್ದರೆ ನಡೆದು ಬರುವುದೂ ಆಗುವುದಿಲ್ಲ.

ನಮ್ಮ ಕಡೆ ಎಷ್ಟು ಜಾತಿ ಏಡಿ ಇವೆ? ಎಲ್ಲಾ ಒಂದೇ ತರ ಕಾಣುತ್ತಲ್ಲ?

ಭಾರತದಲ್ಲಿ ಸಿಹಿನೀರಿನ ಏಡಿ ನೂರಕ್ಕೂ ಹೆಚ್ಚು ಜಾತಿ ಇವೆ. ದಕ್ಷಿಣ ಭಾರತದ ಬಯಲು ಸೀಮೆಯ ಗದ್ದೆ, ಕೆರೆ, ನಾಲೆಗಳಲ್ಲಿ ಜಾಸ್ತಿ ಸಿಗುವುದು ಬ್ಯಾರಿಟೆಲ್ಫುಸಾ, ಓಜಿಯೊಟೆಲ್ಫುಸಾ ಎಂಬ ಗುಂಪಿನವು. ಪಶ್ಚಿಮ ಘಟ್ಟಕ್ಕೆ ಹೋದರೆ ಕಥೆಯೇ ಬೇರೆ. ಅಲ್ಲಿ ಒಂದೊಂದು ಬೆಟ್ಟಕ್ಕೂ ಅದರದ್ದೇ ಜಾತಿ ಇರುವ ಹಾಗಿದೆ, ಮರದ ಪೊಟರೆಯಲ್ಲಿ, ಕಲ್ಲಿನ ಸಂದಿಯಲ್ಲಿ ಬದುಕುವ ಬಣ್ಣಬಣ್ಣದ ಸಣ್ಣ ಏಡಿಗಳು. 2022ರಲ್ಲಿ ಉತ್ತರ ಕನ್ನಡದ ಯಲ್ಲಾಪುರ ಕಡೆಯಿಂದ ಘಾಟಿಯಾನಾ ದ್ವಿವರ್ಣ ಎಂಬ ಹೊಸ ಜಾತಿಯನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಬಿಳಿ ಮತ್ತು ಕೆಂಪು–ನೇರಳೆ, ಎರಡು ಬಣ್ಣದ ಏಡಿ. ಅದನ್ನು ಮೊದಲು ಗಮನಿಸಿದವರಲ್ಲಿ ಅರಣ್ಯ ಇಲಾಖೆಯ ಒಬ್ಬ ಗಾರ್ಡ್ ಇದ್ದರು. ಹೊಸ ಜಾತಿ ಹುಡುಕುವುದಕ್ಕೆ ಪಿಎಚ್‌ಡಿ ಇರಲೇಬೇಕು ಅಂತ ಇಲ್ಲ, ಗಮನ ಕೊಟ್ಟು ನೋಡುವ ಕಣ್ಣು ಬೇಕು.

ಜಾತಿ ಗುರುತಿಸುವುದು ಬಣ್ಣ ನೋಡಿ ಅಲ್ಲ. ಒಂದೇ ಜಾತಿಯ ಏಡಿ ಕೆಂಪು ಮಣ್ಣಿನಲ್ಲಿ ಒಂದು ಬಣ್ಣ, ಕಪ್ಪು ಕೆಸರಿನಲ್ಲಿ ಇನ್ನೊಂದು ಬಣ್ಣ ಇರಬಹುದು. ತಜ್ಞರು ನೋಡುವುದು ಗಂಡು ಏಡಿಯ ಹೊಟ್ಟೆ ಮುಚ್ಚಳದ ಕೆಳಗೆ ಇರುವ ಒಂದು ಜೊತೆ ಸಣ್ಣ ಕಡ್ಡಿಯಂಥ ಅಂಗದ ಆಕಾರವನ್ನು. ಅದು ಜಾತಿಯಿಂದ ಜಾತಿಗೆ ಬೇರೆ. ಈಗ ಡಿಎನ್ಎ ಕೂಡ ನೋಡುತ್ತಾರೆ.

ಗಂಡು ಯಾವುದು, ಹೆಣ್ಣು ಯಾವುದು?

ತಿರುಗಿಸಿ ನೋಡಿ. ಹೊಟ್ಟೆಯ ಮುಚ್ಚಳ ಕಿರಿದಾಗಿ ಚೂಪಾಗಿದ್ದರೆ ಗಂಡು. ಅಗಲವಾಗಿ ಗುಂಡಗಿದ್ದರೆ ಹೆಣ್ಣು. ಹಿಡಿಯುವಾಗ ಹಿಂದಿನಿಂದ ಹೆಬ್ಬೆರಳು ತೋರುಬೆರಳಲ್ಲಿ ಚಿಪ್ಪಿನ ಎರಡು ಪಕ್ಕ ಹಿಡಿಯಿರಿ, ಕೊಂಡಿ ಅಲ್ಲಿಗೆ ಎಟಕುವುದಿಲ್ಲ.

ಏಡಿ ಪೈರು ಕತ್ತರಿಸುತ್ತೆ, ಬದು ತೂತು ಮಾಡುತ್ತೆ. ಅದನ್ನ ಉಳಿಸಿ ಅಂತ ಹೇಳೋದು ಸರಿನಾ?

ಈ ಪ್ರಶ್ನೆಯನ್ನು ಸಿಟ್ಟಿನಿಂದ ಕೇಳುವವರೇ ಜಾಸ್ತಿ, ಅವರ ಸಿಟ್ಟು ನ್ಯಾಯವಾದದ್ದೇ. ಹೊಸದಾಗಿ ನಾಟಿ ಮಾಡಿದ ಎಳೆ ಪೈರನ್ನು ಏಡಿ ಬುಡದಲ್ಲಿ ಕತ್ತರಿಸುತ್ತದೆ. ಬದುವಿನಲ್ಲಿ ಬಿಲ ತೋಡಿದರೆ ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಸೋರುತ್ತದೆ. ಇದು ನಷ್ಟ ಅಲ್ಲ ಅಂತ ಯಾರೂ ಹೇಳುವುದಕ್ಕೆ ಆಗುವುದಿಲ್ಲ.

ಆದರೆ ಯಾವಾಗ ನಷ್ಟ ಅನ್ನುವುದನ್ನು ನೋಡಬೇಕು. ಪೈರು ಬೇರು ಬಿಟ್ಟು ಕಾಂಡ ಗಟ್ಟಿಯಾಗುವವರೆಗೆ, ಅಂದರೆ ನಾಟಿಯಾದ ಮೊದಲ ಕೆಲವು ವಾರ ಮಾತ್ರ ಏಡಿಯಿಂದ ತೊಂದರೆ. ಆಮೇಲೆ ಅದು ಪೈರಿನ ತಂಟೆಗೆ ಬರುವುದು ಕಮ್ಮಿ. ಅದಕ್ಕೆ ಒಟ್ಲಿನಲ್ಲಿ (ಸಸಿಮಡಿಯಲ್ಲಿ) ಪೈರು ಸ್ವಲ್ಪ ಬಲಿಯಲಿ, ತೀರಾ ಎಳೆಯದನ್ನು ಕಿತ್ತು ನೆಡಬೇಡಿ. ನಾಟಿಯಾದ ಮೇಲೆ ಕೆಲವು ದಿನ ನೀರು ತೆಳುವಾಗಿ ನಿಲ್ಲಿಸಿ, ಆಗಾಗ ಬಸಿದುಬಿಡಿ. ನೀರು ಆಳ ಇದ್ದಷ್ಟೂ ಏಡಿಗೆ ಓಡಾಟ ಸಲೀಸು. ಹೋದ ಪೈರಿನ ಜಾಗಕ್ಕೆ ತುಂಬಲು ಗದ್ದೆಯ ಮೂಲೆಯಲ್ಲಿ ಒಂದಷ್ಟು ಪೈರು ಇಟ್ಟುಕೊಳ್ಳಿ. ಬದು ಕಟ್ಟುವಾಗ ಹಳೇ ಬಿಲ ಕಂಡರೆ ಮೇಲೆ ಸುಮ್ನೆ ಮಣ್ಣು ಮೆತ್ತಬೇಡಿ, ಪೂರ್ತಿ ಅಗೆದು ತುಳಿದು ಕಟ್ಟಿ. ಜಾಸ್ತಿ ಕಾಟ ಇದ್ದರೆ ರಾತ್ರಿ ಟಾರ್ಚ್ ಹಿಡಿದು ಕೈಯಲ್ಲೇ ಹಿಡಿಯಿರಿ, ಅಥವಾ ನೆಲದ ಮಟ್ಟಕ್ಕೆ ಮಡಕೆ ಹೂತು ಒಳಗೆ ತವುಡು ಹಾಕಿಡಿ. ಬೆಳಿಗ್ಗೆ ಸಾರಿಗೂ ಆಯಿತು. ವಿಷ ಹಾಕುವುದಕ್ಕಿಂತ ಇದು ಎಷ್ಟೋ ವಾಸಿ.

ಇನ್ನೊಂದು ವಿಷಯ. ಬದುವಿನಲ್ಲಿ ಇರುವ ತೂತೆಲ್ಲ ಏಡಿಯದ್ದಲ್ಲ. ಏಡಿ ಬಿಲದ ಬಾಯಿ ಹತ್ತಿರ ಒದ್ದೆ ಮಣ್ಣಿನ ಸಣ್ಣ ಉಂಡೆಗಳು ಬಿದ್ದಿರುತ್ತವೆ, ಬಾಯಿ ನುಣ್ಣಗೆ ಇರುತ್ತದೆ, ಒಳಗೆ ಕಡ್ಡಿ ಬಿಟ್ಟರೆ ತುದಿ ಒದ್ದೆಯಾಗಿ ಬರುತ್ತದೆ. ಇಲಿ ಬಿಲದ ಮುಂದೆ ಪುಡಿ ಮಣ್ಣು, ಕಚ್ಚಿದ ತೆನೆ, ಹೊಟ್ಟು ಇರುತ್ತದೆ. ಇಲಿ ಮಾಡಿದ ನಷ್ಟವನ್ನೂ ಏಡಿ ಲೆಕ್ಕಕ್ಕೆ ಹಾಕುವುದು ನಮ್ಮಲ್ಲಿ ತುಂಬಾ ಇದೆ.

ಬೇಸಿಗೆಯಲ್ಲಿ, ನಾಲೆಗೆ ನೀರೇ ಬಿಡದ ವರ್ಷ, ಏಡಿ ಎಲ್ಲಿಗೆ ಹೋಗುತ್ತೆ?

ಎಲ್ಲಿಗೂ ಹೋಗುವುದಿಲ್ಲ. ಕೆಳಗೆ ಹೋಗುತ್ತದೆ. ಮಣ್ಣು ಒಣಗಿದ ಹಾಗೆ ಬಿಲವನ್ನು ಆಳ ಮಾಡುತ್ತಾ ತೇವ ಸಿಗುವವರೆಗೆ ಇಳಿದು, ಬಾಯಿಯನ್ನು ಮಣ್ಣಿನಿಂದ ಮುಚ್ಚಿಕೊಂಡು ಸುಮ್ಮನೆ ಕೂತುಬಿಡುತ್ತದೆ. ಕಿವಿರು ಒದ್ದೆ ಇದ್ದರೆ ಸಾಕು, ಗಾಳಿಯಲ್ಲೂ ಉಸಿರಾಡಬಲ್ಲದು. ಕಿವಿರು ಇರುವ ಗೂಡಿನ ಒಳಗೋಡೆ ಶ್ವಾಸಕೋಶದ ತರ ಕೆಲಸ ಮಾಡುತ್ತದೆ. ಹಿಡಿದು ಬುಟ್ಟಿಗೆ ಹಾಕಿದ ಏಡಿ ಬಾಯಿಯಲ್ಲಿ ನೊರೆ ನೊರೆ ಬರಿಸುತ್ತದಲ್ಲ, ಒಳಗೆ ಉಳಿದ ನೀರಿಗೂ ಗಾಳಿಗೂ ಆಗುವ ಬೆರಕೆ ಅದು.

ಮೊದಲ ಜೋರು ಮಳೆ ಬಿದ್ದ ರಾತ್ರಿ ಪಾಂಡವಪುರ, ಮದ್ದೂರು ಕಡೆ ಊರ ರಸ್ತೆಗಳಲ್ಲಿ ಏಡಿ ಓಡಾಡುವುದು ಕಾಣುವುದು, ಹಾಗೆ ಕೆಳಗೆ ಅಡಗಿ ಕೂತದ್ದೆಲ್ಲ ಆಗ ಮೇಲೆ ಬರುವುದರಿಂದ. ಆ ರಾತ್ರಿ ಬೈಕು, ಟ್ರ್ಯಾಕ್ಟರ್ ಓಡಿಸುವವರು ಸ್ವಲ್ಪ ನಿಧಾನ ಮಾಡಿದರೆ ಎಷ್ಟೋ ಉಳಿಯುತ್ತವೆ.

ನಾಲೆಗೆ ಕಾಂಕ್ರೀಟ್ ಹಾಕಿದ್ರೆ ಏಡಿಗೆ ಏನು?

ಬಿಲ ತೋಡುವುದಕ್ಕೆ ಜಾಗವೇ ಇರುವುದಿಲ್ಲ. ಬಿಲ ಇಲ್ಲದ ಏಡಿ ಬೇಸಿಗೆ ದಾಟುವುದಿಲ್ಲ. ಒಳಗೆ ಬಿದ್ದದ್ದು ನುಣುಪಾದ ಗೋಡೆ ಹತ್ತಿ ಹೊರಗೆ ಬರುವುದೂ ಕಷ್ಟ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಂಥ ದೊಡ್ಡ ನಾಲೆಗೆ ಕಾಂಕ್ರೀಟ್ ಲೈನಿಂಗ್ ಯಾಕೆ ಬೇಕು ಅಂತ ನನಗೆ ಗೊತ್ತು. ಕೊನೆ ಭಾಗದ ರೈತರಿಗೆ ನೀರು ತಲುಪಬೇಕು, ಮಳವಳ್ಳಿ ಕಡೆಯವರು ವರ್ಷಗಟ್ಟಲೆ ಅದಕ್ಕೆ ಹೋರಾಡಿದ್ದಾರೆ. ಅದನ್ನು ಬೇಡ ಅನ್ನುವುದು ಅನ್ಯಾಯ. ನಾನು ಕೇಳುವುದು ಇಷ್ಟೇ: ಗದ್ದೆಯ ಸಣ್ಣ ಕಾಲುವೆ, ಕೆರೆ ಏರಿಯ ಒಳಮಗ್ಗುಲು, ಬಸಿಗಾಲುವೆ, ಹಳ್ಳದ ದಡ, ಇವನ್ನಾದರೂ ಮಣ್ಣಿನದ್ದಾಗೇ ಬಿಡಿ. ಕೆರೆ ಅಭಿವೃದ್ಧಿ ಅಂದ ಕೂಡಲೇ ಸುತ್ತ ಕಲ್ಲು ಕಟ್ಟಿ, ವಾಕಿಂಗ್ ಪಾತ್ ಹಾಕಿ, ದಡದ ಹುಲ್ಲು ಕೆತ್ತಿ ಹಾಕುವುದು ಈಗ ಅಭ್ಯಾಸವಾಗಿದೆ. ಕೆರೆಯ ಜೀವ ಇರುವುದು ಆ ದಡದಲ್ಲೇ. ಅದನ್ನು ಕೆತ್ತಿದ ಮೇಲೆ ಉಳಿಯುವುದು ಬರೀ ನೀರಿನ ತೊಟ್ಟಿ.

ಔಷಧಿ ಹೊಡೆದ್ರೆ ಏಡಿ ಸಾಯುತ್ತಾ?

ಸಾಯುತ್ತದೆ. ಏಡಿ, ಸೀಗಡಿ, ಕ್ರೇಫಿಶ್ ಇವೆಲ್ಲ ಹುಳುಗಳಿಗೆ ಹತ್ತಿರದ ಬಳಗ. ಹುಳುವಿನ ನರಕ್ಕೆ ಹೊಡೆಯುವ ಔಷಧಿ ಇವುಗಳ ನರಕ್ಕೂ ಹೊಡೆಯುತ್ತದೆ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಗುಂಪಿನ (ಸಿಂಥೆಟಿಕ್ ಪೈರೆಥ್ರಾಯಿಡ್) ಔಷಧಿಗಳು ಬಹಳ ಸಣ್ಣ ಪ್ರಮಾಣದಲ್ಲೇ ಇವನ್ನು ಕೊಲ್ಲುತ್ತವೆ. ಕಾರ್ಬೋಫ್ಯುರಾನ್ ಹರಳು ಕೂಡ ಅಷ್ಟೇ. ಕೂಡಲೇ ಸಾಯದಿದ್ದರೂ ನಡಿಗೆ ತಪ್ಪುತ್ತದೆ, ಬಿಲ ಬಿಟ್ಟು ಹಗಲಿನಲ್ಲೇ ಬಯಲಿಗೆ ಬಂದು ನಿಲ್ಲುತ್ತದೆ, ಬೆಳ್ಳಕ್ಕಿ ಅದನ್ನು ತಿನ್ನುತ್ತದೆ. ಹಾಗೆ ವಿಷ ಮುಂದಕ್ಕೆ ಹೋಗುತ್ತದೆ.

ಇನ್ನೂ ಒಂದು ಮಾತು ಭತ್ತದವರಿಗೆ. ಸಿಂಥೆಟಿಕ್ ಪೈರೆಥ್ರಾಯಿಡ್ ಹೊಡೆದರೆ ಕಂದು ಜಿಗಿಹುಳು ಕಮ್ಮಿಯಾಗುವ ಬದಲು ಆಮೇಲೆ ಜಾಸ್ತಿಯಾಗುತ್ತದೆ, ಅದನ್ನು ತಿನ್ನುವ ಜೇಡ, ತಿಗಣೆಗಳು ಮೊದಲು ಸಾಯುತ್ತವೆ. ಏಡಿ ಬಿಡಿ, ನಿಮ್ಮ ಖರ್ಚಿಗೇ ಅದು ನಷ್ಟ. ಔಷಧಿ ಹಾಕಲೇಬೇಕಾದರೆ ಕೃಷಿ ಇಲಾಖೆಯವರನ್ನೋ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದವರನ್ನೋ ಕೇಳಿ ಹಾಕಿ. ಹಾಕಿದ ಮೇಲೆ ಕೆಲವು ದಿನ ಗದ್ದೆಯ ನೀರು ಹೊರಗೆ ಬಿಡಬೇಡಿ. ಸ್ಪ್ರೇ ಕ್ಯಾನ್ ಅನ್ನು ನಾಲೆಯಲ್ಲಿ ತೊಳೆಯಬೇಡಿ. ಒಂದು ಕ್ಯಾನ್ ತೊಳೆದ ನೀರು ಕೆಳಗಿನ ಹಳ್ಳಕ್ಕೆ ಹೋಗಿ ಏನು ಮಾಡುತ್ತದೆ ಅನ್ನುವುದನ್ನು ತೊಳೆಯುವವರು ನೋಡುವುದೇ ಇಲ್ಲ.

ಹಳ್ಳದಲ್ಲಿ ಮೀನು, ಏಡಿ ಹಿಡಿಯುವುದಕ್ಕೆ ಬ್ಲೀಚಿಂಗ್ ಪೌಡರ್, ಕೀಟನಾಶಕ ಸುರಿಯುವವರೂ ಇದ್ದಾರೆ. ನೀರಿಗೆ ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಕಂಡರೆ ಸುಮ್ಮನಿರಬೇಡಿ.

ಕೆಮ್ಮು ನೆಗಡಿಗೆ ನಳ್ಳಿ ಸಾರು ಒಳ್ಳೇದು ಅಂತಾರೆ. ಹಿಡಿದು ತಿನ್ನೋದು ತಪ್ಪಾ?

ತಪ್ಪಲ್ಲ. ಕುಟ್ಟಿ ಸೋಸಿದ ನಳ್ಳಿ ಸಾರು, ಬಿಸಿ ಮುದ್ದೆ ನಮ್ಮ ಕಡೆಯ ಊಟ. ಗದ್ದೆ ಇರುವ ಊರುಗಳಲ್ಲಿ ಬಡವರ ಮನೆಗೆ ಖರ್ಚಿಲ್ಲದೆ ಬರುವ ಪೌಷ್ಟಿಕ ಊಟ ಅದು. ತಿನ್ನುವವರನ್ನು ಬೈದು ಏಡಿ ಉಳಿಸುವುದು ಆಗದ ಮಾತು. ಏಡಿ ಎಲ್ಲಿ ಇದೆ, ಎಲ್ಲಿ ಕಮ್ಮಿಯಾಯಿತು ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದೂ ಅವರಿಗೇ. ಹೆಚ್ಚು ಏಡಿ ಕಳೆದುಕೊಂಡದ್ದು ವಿಷ ಮತ್ತು ಕಾಂಕ್ರೀಟಿನಿಂದ, ಬುಟ್ಟಿ ಹಿಡಿದು ಹೋಗುವ ಅಜ್ಜಿಯಿಂದ ಅಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎರಡು ವಿನಂತಿ ಮಾತ್ರ. ಹೊಟ್ಟೆಯಲ್ಲಿ ಮೊಟ್ಟೆ ಅಥವಾ ಮರಿ ಇರುವುದನ್ನು ಬಿಟ್ಟುಬಿಡಿ. ಅಂಗೈಗಿಂತ ತೀರಾ ಸಣ್ಣವನ್ನೂ ಬಿಡಿ, ಅದರಲ್ಲಿ ಮಾಂಸವೂ ಇರುವುದಿಲ್ಲ.

ಮತ್ತೆ, ಚೆನ್ನಾಗಿ ಬೇಯಿಸಿ. ಅರೆಬೆಂದ, ಹಸಿ ಏಡಿಯಿಂದ ಶ್ವಾಸಕೋಶದ ಒಂದು ಚಪ್ಪಟೆ ಹುಳು ಮನುಷ್ಯರಿಗೆ ಬರಬಹುದು. ಭಾರತದಲ್ಲಿ ಇದು ಜಾಸ್ತಿ ಕಂಡಿರುವುದು ಮಣಿಪುರ, ಅರುಣಾಚಲ, ನಾಗಾಲ್ಯಾಂಡ್‌ನಲ್ಲಿ. ಕಫದಲ್ಲಿ ರಕ್ತ ಬರುವುದರಿಂದ ಟಿಬಿ ಅಂತ ತಪ್ಪು ತಿಳಿಯುವುದೂ ಉಂಟು. ನಾವು ಕುದಿಸಿ ಸಾರು ಮಾಡುವವರು, ಆ ಭಯ ಕಮ್ಮಿ. ಆದರೆ ಕುಟ್ಟುವ ಒರಳು, ಕೈ, ಚಾಕು ತೊಳೆದುಕೊಳ್ಳಿ. ಔಷಧಿ ಹೊಡೆದ ಗದ್ದೆಯ ಏಡಿಯನ್ನು ಮಾತ್ರ ತಿನ್ನಲೇಬೇಡಿ. ಸಾರು ಕುಡಿದು ಕೆಮ್ಮು ವಾಸಿಯಾಗದೆ ವಾರಗಟ್ಟಲೆ ಇದ್ದರೆ ಡಾಕ್ಟರ್ ಹತ್ತಿರ ಹೋಗಿ.

ಏಡಿ ಕಮ್ಮಿಯಾದ್ರೆ ಬೇರೆ ಯಾರಿಗೆ ತೊಂದರೆ?

ರಂಗನತಿಟ್ಟಿಗೆ ಹೋದವರು ಹಕ್ಕಿ ನೋಡಿ ಬರುತ್ತಾರೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಯದಿಂದ ಪಕ್ಷಿಧಾಮ ಆಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿತು, ಕರ್ನಾಟಕದ ಮೊದಲ ರಾಮ್ಸಾರ್ ತಾಣ. ಆ ಹಕ್ಕಿಗಳು ಗೂಡು ಕಟ್ಟುವುದು ಅಲ್ಲಿ, ಆದರೆ ಮೇಯುವುದಕ್ಕೆ ಸುತ್ತಮುತ್ತಲ ಗದ್ದೆ, ಕೆರೆ, ನಾಲೆಗೂ ಹೋಗುತ್ತವೆ. ಬಕ, ಬೆಳ್ಳಕ್ಕಿ, ಮಿಂಚುಳ್ಳಿ ಎಲ್ಲ ಏಡಿ ತಿನ್ನುತ್ತವೆ. ಕಾವೇರಿಯ ನೀರುನಾಯಿಗೂ ಏಡಿ ಬೇಕು. ಮೇಲೆ ಕೊಡಗಿನ ಹೊಳೆಗಳಲ್ಲಿ ಇರುವ ಸಣ್ಣ ಉಗುರಿನ ನೀರುನಾಯಿಗಂತೂ ಏಡಿಯೇ ಮುಖ್ಯ ಊಟ. ಉಡ, ಮುಂಗುಸಿ, ನರಿಯೂ ಹಿಡಿಯುತ್ತವೆ. ಪಕ್ಷಿಧಾಮಕ್ಕೆ ಬೇಲಿ ಹಾಕಿ, ಹೊರಗಿನ ಗದ್ದೆಗೆ ವಿಷ ಹಾಕಿದರೆ ಹಕ್ಕಿ ಉಳಿಯುವುದಿಲ್ಲ ಅಲ್ವಾ?

ಇದು ನಿಜಕ್ಕೂ ಅಳಿವಿನ ಅಂಚಿನಲ್ಲಿದೆಯಾ, ಅಥವಾ ಸುಮ್ನೆ ಹೆದರಿಸೋದಾ?

ಬಯಲು ಸೀಮೆಯಲ್ಲಿ ಸಾಮಾನ್ಯವಾಗಿ ಸಿಗುವ ಬ್ಯಾರಿಟೆಲ್ಫುಸಾ ಕುನಿಕ್ಯುಲಾರಿಸ್ ಎಂಬ ಏಡಿ ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟ) ಪಟ್ಟಿಯಲ್ಲಿ ಸದ್ಯಕ್ಕೆ ಆತಂಕ ಇಲ್ಲದ ಗುಂಪಿನಲ್ಲಿದೆ. ಆದರೆ ಆ ಪಟ್ಟಿ ಇಡೀ ಜಾತಿಯ ಬಗ್ಗೆ ಹೇಳುತ್ತದೆ, ನಿಮ್ಮೂರ ಕೆರೆಯ ಬಗ್ಗೆ ಅಲ್ಲ.

ಪ್ರಪಂಚದ ಲೆಕ್ಕ ಹೀಗಿದೆ. 2009ರಲ್ಲಿ 1,280 ಸಿಹಿನೀರಿನ ಏಡಿ ಜಾತಿಗಳನ್ನು ಪರಿಶೀಲಿಸಿದಾಗ ಸುಮಾರು ಆರರಲ್ಲಿ ಒಂದು ಅಪಾಯದಲ್ಲಿತ್ತು. ಹತ್ತಿರ ಹತ್ತಿರ ಅರ್ಧದಷ್ಟು ಜಾತಿಗಳ ಬಗ್ಗೆ ತೀರ್ಮಾನ ಕೊಡುವಷ್ಟು ಮಾಹಿತಿಯೇ ಇರಲಿಲ್ಲ. ನನಗೆ ಇದು ಆರರಲ್ಲಿ ಒಂದು ಅನ್ನುವುದಕ್ಕಿಂತ ದೊಡ್ಡ ಸುದ್ದಿ. 2015ರಲ್ಲಿ 590 ಕ್ರೇಫಿಶ್ ಜಾತಿಗಳನ್ನು ನೋಡಿದರು, ಶೇಕಡಾ 32 ಅಪಾಯದಲ್ಲಿದ್ದವು. 2025ರ ಜನವರಿಯಲ್ಲಿ ಸಿಹಿನೀರಿನ ಮೀನು, ಕೊಡತಿ ಹುಳು, ಏಡಿ–ಸೀಗಡಿ–ಕ್ರೇಫಿಶ್ ಎಲ್ಲ ಸೇರಿಸಿ 23,000ಕ್ಕೂ ಹೆಚ್ಚು ಜಾತಿಗಳ ಲೆಕ್ಕ ಬಂತು. ನಾಲ್ಕರಲ್ಲಿ ಒಂದು ಅಪಾಯದಲ್ಲಿದೆ. ಅದರಲ್ಲೂ ಏಡಿ–ಸೀಗಡಿ–ಕ್ರೇಫಿಶ್ ಗುಂಪಿನದ್ದೇ ಅತಿ ಕೆಟ್ಟ ಸ್ಥಿತಿ, ಶೇಕಡಾ 30.

ಬೇರೆ ದೇಶದಲ್ಲಿ ಹೇಗೆ ಉಳಿಸ್ತಾ ಇದ್ದಾರೆ?

ಒಂದು ಉದಾಹರಣೆ ಸಾಕು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಒಂದು ದೈತ್ಯ ಕ್ರೇಫಿಶ್ ಇದೆ. ಬೆನ್ನುಮೂಳೆ ಇಲ್ಲದ ಸಿಹಿನೀರಿನ ಪ್ರಾಣಿಗಳಲ್ಲಿ ಪ್ರಪಂಚದಲ್ಲೇ ದೊಡ್ಡದು, ಹಿಂದೆ ಐದು ಕಿಲೋ ತೂಗುವುದೂ ಸಿಕ್ಕಿದ್ದುಂಟು. ಹೆಣ್ಣು ಮೊದಲ ಸಲ ಮೊಟ್ಟೆ ಇಡುವುದಕ್ಕೆ ಸುಮಾರು 14 ವರ್ಷ ಬೇಕು. ಹಿಡಿದು ಹಿಡಿದು ದೊಡ್ಡವೆಲ್ಲ ಖಾಲಿಯಾದ ಮೇಲೆ 1998ರಲ್ಲಿ ಹಿಡಿಯುವುದನ್ನೇ ನಿಲ್ಲಿಸಿದರು. ಆದರೆ ಹೊಳೆಯ ದಡದ ಮರ ಕಡಿದು ನೀರಿಗೆ ಹೂಳು ಬೀಳುತ್ತಿದ್ದರೆ ಬರೀ ನಿಷೇಧದಿಂದ ಆಗುವುದಿಲ್ಲ ಅಂತ ಅಲ್ಲಿಯ ಜನ ಈಗಲೂ ಹೇಳುತ್ತಿದ್ದಾರೆ. ನಿಧಾನವಾಗಿ ಬೆಳೆಯುವ ಪ್ರಾಣಿಗೆ ಮೊದಲು ಬೇಕಾದದ್ದು ತಣ್ಣನೆಯ, ಹೂಳಿಲ್ಲದ ನೀರು ಮತ್ತು ನೆರಳು ಇರುವ ದಡ.

ಆಕ್ವೇರಿಯಂ ಅಂಗಡೀಲಿ ನೀಲಿ ಕ್ರೇಫಿಶ್ ಸಿಗುತ್ತೆ. ಸಾಕಾಗಿ ಹೋದ್ಮೇಲೆ ಕುಕ್ಕರಹಳ್ಳಿ ಕೆರೆಗೆ ಬಿಡಬಹುದಾ? ಪಾಪ ಸಾಯಿಸೋಕೆ ಮನಸ್ಸು ಬರಲ್ಲ.

ಬಿಡಬೇಡಿ. ಕುಕ್ಕರಹಳ್ಳಿ, ಕಾರಂಜಿ, ನಿಮ್ಮೂರ ಕಟ್ಟೆ, ನಾಲೆ, ಮನೆ ಹತ್ತಿರದ ಚರಂಡಿ, ಯಾವುದಕ್ಕೂ ಬಿಡಬೇಡಿ. ಈ ಪುಟದಲ್ಲಿ ಒಂದೇ ಒಂದು ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಯಾಕೆ ಅಂತ ಹೇಳುತ್ತೇನೆ. ಮಾರ್ಬಲ್ಡ್ ಕ್ರೇಫಿಶ್ ಅಂತ ಒಂದಿದೆ. 1990ರ ದಶಕದಲ್ಲಿ ಜರ್ಮನಿಯ ಆಕ್ವೇರಿಯಂ ವ್ಯಾಪಾರದಲ್ಲಿ ಮೊದಲು ಕಂಡಿತು. ಅದರಲ್ಲಿ ಗಂಡೇ ಇಲ್ಲ. ಎಲ್ಲ ಹೆಣ್ಣು, ಗಂಡಿನ ಸಹಾಯ ಇಲ್ಲದೆ ತನ್ನದೇ ಪಡಿಯಚ್ಚು ಮರಿ ಹಾಕುತ್ತವೆ, ಒಂದೊಂದು ಸಲಕ್ಕೆ ನೂರಾರು. ಅಂದರೆ ಒಂದು ಕೆರೆ ತುಂಬುವುದಕ್ಕೆ ಒಂದು ಸಾಕು. ಮಡಗಾಸ್ಕರ್‌ಗೆ ಅದು ಹೋಗಿ, 2007ರಿಂದ 2017ರ ಹತ್ತು ವರ್ಷದಲ್ಲಿ ಅದು ಹರಡಿರುವ ಜಾಗ ಸುಮಾರು ನೂರು ಪಟ್ಟು ಆಯಿತು. ಅಲ್ಲಿಯೂ ಭತ್ತದ ಗದ್ದೆಗಳೇ.

ಇನ್ನೊಂದು ಅಮೆರಿಕದ ಕೆಂಪು ಕ್ರೇಫಿಶ್. 1970ರ ದಶಕದಲ್ಲಿ ವ್ಯಾಪಾರಕ್ಕೆ ಅಂತ ಸ್ಪೇನ್ ದೇಶಕ್ಕೆ ತಂದರು. ಗ್ವಾಡಲ್ಕಿವಿರ್ ನದಿಯ ಕೆಳಭಾಗದ ಭತ್ತದ ಬಯಲಿಗೆ ಬಿಟ್ಟರು. ಬದು ಕೊರೆಯಿತು, ಎಳೆ ಪೈರು ತಿಂದಿತು, ನೀರಿನ ಗಿಡಗಳನ್ನು ಖಾಲಿ ಮಾಡಿತು. ಈಗ ಅದನ್ನು ಹಿಡಿದು ಮಾರುವ ದೊಡ್ಡ ಉದ್ಯಮವೇ ಅಲ್ಲಿದೆ, ಆದರೆ ತೆಗೆದುಹಾಕುವುದಕ್ಕೆ ಇವತ್ತಿನವರೆಗೂ ಆಗಿಲ್ಲ. ಮಂಡ್ಯದ ಗದ್ದೆಗೆ ಅದು ಬಂದರೆ ಏನಾಗಬಹುದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಏಡಿ ತಂಟೆ ಮಾಡುತ್ತದೆ ಅನ್ನುವವರಿಗೆ ಅದರ ಹತ್ತರಷ್ಟು ತಂಟೆ ಬರುತ್ತದೆ.

ರೋಗದ ವಿಷಯ ಬೇರೆ. ಅಮೆರಿಕದ ಕ್ರೇಫಿಶ್‌ಗಳು ಒಂದು ರೋಗಾಣುವನ್ನು ಹೊತ್ತು ತಿರುಗುತ್ತವೆ. ಅವಕ್ಕೆ ಅದರಿಂದ ಅಷ್ಟು ತೊಂದರೆ ಇಲ್ಲ, ಬೇರೆ ಖಂಡದ ಕ್ರೇಫಿಶ್‌ಗಳಿಗೆ ಅದು ಮಾರಕ. 1860ರ ಆಸುಪಾಸಿನಲ್ಲಿ ಇಟಲಿಯಲ್ಲಿ ಶುರುವಾದ ಈ ರೋಗ ಯುರೋಪಿನ ಹೊಳೆ ಹೊಳೆಗಳಲ್ಲಿ ಅಲ್ಲಿಯ ಕ್ರೇಫಿಶ್ ಅನ್ನು ಗುಡಿಸಿ ಹಾಕಿತು. ಕೆಲವು ಸಿಹಿನೀರಿನ ಏಡಿಗಳಲ್ಲೂ ಆ ರೋಗಾಣು ಸಿಕ್ಕಿದೆ. ಸೀಗಡಿ ಸಾಕುವವರನ್ನು ಕಾಡುವ ಬಿಳಿ ಚುಕ್ಕೆ ರೋಗದ ವೈರಸ್ ಕೂಡ ಕ್ರೇಫಿಶ್, ಏಡಿ, ಸೀಗಡಿ ಮೂರಕ್ಕೂ ತಗಲುತ್ತದೆ.

ಬೇಡವಾದರೆ ಅಂಗಡಿಗೆ ವಾಪಸ್ ಕೊಡಿ, ಅಥವಾ ಸಾಕುವ ಬೇರೆಯವರಿಗೆ ಕೊಡಿ. ಟ್ಯಾಂಕ್‌ನ ನೀರನ್ನೂ ಕೆರೆಗೆ ಸುರಿಯಬೇಡಿ, ಗಿಡದ ಬುಡಕ್ಕೆ ಹಾಕಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು 2000ದಲ್ಲೇ ನಿಷೇಧ ಮಾಡಿದರು, ಆದರೂ ಅದು ನಮ್ಮ ನೀರಿನಲ್ಲಿ ಇನ್ನೂ ಇದೆ. ಒಮ್ಮೆ ನೀರಿಗೆ ಬಿದ್ದದ್ದನ್ನು ಕಾನೂನು ವಾಪಸ್ ತೆಗೆಯುವುದಿಲ್ಲ.

ನಳ್ಳಿ ಸಾಕಣೆ ಮಾಡಿ ದುಡ್ಡು ಮಾಡಬಹುದಾ?

ಗದ್ದೆ ಏಡಿಯಲ್ಲಿ ಲಾಭ ಕಷ್ಟ. ಮರಿ ಕಮ್ಮಿ, ಬೆಳವಣಿಗೆ ನಿಧಾನ, ಒಂದನ್ನೊಂದು ತಿನ್ನುತ್ತವೆ. ಚಿಪ್ಪು ಬಿಟ್ಟ ಏಡಿ ಮೆತ್ತಗಿರುತ್ತದೆ, ಆಗ ಪಕ್ಕದ್ದು ಬಿಡುವುದಿಲ್ಲ. ಕರಾವಳಿಯಲ್ಲಿ ಸಾಕುವುದು ಉಪ್ಪುನೀರಿನ ಬೇರೆ ಏಡಿ. ಹೊಂಡದಲ್ಲಿ ಸಾಕಲೇಬೇಕು ಅಂದರೆ ನಮ್ಮ ದೇಶದ್ದೇ ದೊಡ್ಡ ಸಿಹಿನೀರಿನ ಸೀಗಡಿ ಇದೆ. ಅದರ ಮರಿ ಬೆಳೆಯಲು ಸ್ವಲ್ಪ ಉಪ್ಪುನೀರು ಬೇಕು, ಹಾಗಾಗಿ ಮರಿಯನ್ನು ಹ್ಯಾಚರಿಯಿಂದ ತರಬೇಕು. ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ವಿದೇಶಿ ಕ್ರೇಫಿಶ್ ಸಾಕಿ ಕೋಟಿ ಮಾಡಿ ಅನ್ನುವ ವಿಡಿಯೊಗಳನ್ನು ನಂಬಬೇಡಿ.

ಕಾನೂನಿನ ರಕ್ಷಣೆ ಇದೆಯಾ?

ಗದ್ದೆಯ ಸಾಮಾನ್ಯ ಏಡಿಗಳು 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿ ಇಲ್ಲ. ಆದರೆ ರಂಗನತಿಟ್ಟಿನಂಥ ಅಭಯಾರಣ್ಯದ ಒಳಗೆ ಅನುಮತಿ ಇಲ್ಲದೆ ಯಾವ ಜೀವಿಯನ್ನೂ ಹಿಡಿಯುವಂತಿಲ್ಲ. 2022ರ ತಿದ್ದುಪಡಿಯಲ್ಲಿ ಹೊರದೇಶದ ಆಕ್ರಮಣಕಾರಿ ಜೀವಿಗಳನ್ನು ತರುವುದು, ಮಾರುವುದನ್ನು ನಿಯಂತ್ರಿಸುವ ಅಧಿಕಾರ ಕೇಂದ್ರಕ್ಕೆ ಬಂದಿದೆ.

ಜನಕ್ಕೆ ಹತ್ತಿರದ ಕಾನೂನು 2002ರ ಜೀವವೈವಿಧ್ಯ ಕಾಯ್ದೆ. ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಅಂತ ಒಂದು ಪುಸ್ತಕ ಇರಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕ ತೋರಿಸಿ ಅಂತ ಕೇಳಿ. ಅದರಲ್ಲಿ ಏಡಿ ಇದೆಯಾ ನೋಡಿ. ಇಲ್ಲದಿದ್ದರೆ ಸೇರಿಸಿ ಅಂತ ಬರೆದುಕೊಡಿ. ಯಾವ ಹಳ್ಳ, ಯಾವ ಬಯಲು, ಯಾವ ತಿಂಗಳು ಅಂತ ಹಳಬರನ್ನು ಕೂರಿಸಿಕೊಂಡು ಕೇಳಿ ಬರೆಯಿರಿ.

ನಾನು ಡಿಗ್ರಿ ಓದ್ತಾ ಇದ್ದೀನಿ. ಏಡಿ ಬಗ್ಗೆ ಪ್ರಾಜೆಕ್ಟ್ ಹೇಗೆ ಮಾಡಲಿ?

ಖುಷಿಯ ಪ್ರಶ್ನೆ. ದುಬಾರಿ ಉಪಕರಣ ಬೇಡ. ಟೇಪು, ವರ್ನಿಯರ್ ಕ್ಯಾಲಿಪರ್, ಹೆಡ್ ಟಾರ್ಚ್, ಪುಸ್ತಕ, ಮೊಬೈಲ್ ಸಾಕು. ಒಂದೇ ಬದುವಿನಲ್ಲಿ ನೂರು ಮೀಟರ್ ಗುರುತು ಹಾಕಿಕೊಳ್ಳಿ. ಹೊಸ ಒದ್ದೆ ಮಣ್ಣು ಇರುವ ಬಿಲಗಳನ್ನು ಮಾತ್ರ ಎಣಿಸಿ. ಪ್ರತಿ ತಿಂಗಳು ಅದೇ ಜಾಗ, ಅದೇ ಹೊತ್ತು. ಪಕ್ಕದಲ್ಲಿ ಔಷಧಿ ಹಾಕದ ಗದ್ದೆ, ಹಾಕುವ ಗದ್ದೆ, ಮಣ್ಣಿನ ಕಾಲುವೆ, ಕಾಂಕ್ರೀಟ್ ಕಾಲುವೆ ಹೀಗೆ ಜೋಡಿ ಮಾಡಿಕೊಂಡರೆ ಹೋಲಿಕೆ ಸಿಗುತ್ತದೆ. ರಾತ್ರಿ ಹೊರಗೆ ಬಂದ ಏಡಿಗಳನ್ನು ಎಣಿಸಿ. ಹಿಡಿದದ್ದರ ಚಿಪ್ಪಿನ ಅಗಲ, ಗಂಡೋ ಹೆಣ್ಣೋ, ಮೊಟ್ಟೆ ಇದೆಯೋ, ಯಾವ ಕೊಂಡಿ ದೊಡ್ಡದು, ಕೊಂಡಿ ಮುರಿದಿದೆಯೋ ಬರೆದು ಅಲ್ಲೇ ಬಿಡಿ. ಮುರಿದ ಕೊಂಡಿ ಮುಂದೆ ಚಿಪ್ಪು ಬಿಡುವಾಗ ಮತ್ತೆ ಬೆಳೆಯುತ್ತದೆ, ಮೊದಲು ಸಣ್ಣದಾಗಿ, ಆಮೇಲೆ ದೊಡ್ಡದಾಗಿ.

ರಾತ್ರಿ ಒಬ್ಬರೇ ಹೋಗಬೇಡಿ, ಗದ್ದೆಯಲ್ಲಿ ಹಾವು ಇರುತ್ತವೆ. ಗಮ್ ಬೂಟು ಹಾಕಿ. ಕೈಯನ್ನು ಬಿಲಕ್ಕೆ ಹಾಕಲೇಬೇಡಿ. ಗದ್ದೆ ಯಜಮಾನರನ್ನು ಕೇಳಿ ಹೋಗಿ. ಜಾತಿ ಗುರುತಿಗೆ ಬೆನ್ನು, ಹೊಟ್ಟೆ, ಮುಖ, ಎರಡೂ ಕೊಂಡಿ ಕಾಣುವ ಹಾಗೆ ನಾಲ್ಕು ಫೋಟೊ ತೆಗೆದು, ಮೈಸೂರು ವಿಶ್ವವಿದ್ಯಾಲಯದ (ಮಾನಸಗಂಗೋತ್ರಿ) ಪ್ರಾಣಿಶಾಸ್ತ್ರ ವಿಭಾಗದಲ್ಲಿ ತೋರಿಸಿ, ಜೀವಿಗಳ ಫೋಟೊ ಹಾಕಿ ಗುರುತಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೂ ಹಾಕಿ.

ಪ್ರಯೋಗಾಲಯದ ಕೆಲಸ ಇಷ್ಟ ಇದ್ದರೆ ಗೊತ್ತಿರಲಿ, ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದವರು ಗದ್ದೆಯ ಓಜಿಯೊಟೆಲ್ಫುಸಾ ಏಡಿಯ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಚಿಪ್ಪು ಯಾವಾಗ ಬಿಡಬೇಕು ಅನ್ನುವುದನ್ನು ಹಿಡಿದಿಡುವ ಹಾರ್ಮೋನು ಅದರ ಕಣ್ಣಿನ ಕಾಂಡದಲ್ಲಿ ಇರುತ್ತದೆ. ಗದ್ದೆ ಏಡಿ ಕೂಡ ದೊಡ್ಡ ವಿಜ್ಞಾನದ ವಿಷಯವೇ.

ಬಲೆಗೆ ಸೀಗಡೀನೂ ಅಲ್ಲ ಏಡೀನೂ ಅಲ್ಲ ಅನ್ನೋ ತರದ್ದು ಬಿದ್ದಿದೆ. ಏನು ಮಾಡಲಿ?

ಮೊದಲು ಕೊಂಡಿ ನೋಡಿ. ನಮ್ಮ ದೊಡ್ಡ ಸೀಗಡಿಯಲ್ಲಿ ಉದ್ದನೆಯ ತೆಳು ಕೊಂಡಿ ಎರಡನೇ ಜೊತೆ ಕಾಲಿನಲ್ಲಿ ಇರುತ್ತದೆ, ಚಿಪ್ಪು ತೆಳ್ಳಗೆ. ಕ್ರೇಫಿಶ್‌ನಲ್ಲಿ ಎಲ್ಲಕ್ಕಿಂತ ಮುಂದಿನ ಜೊತೆಯೇ ದಪ್ಪ ಕೊಂಡಿ, ಚಿಪ್ಪು ಏಡಿಯಷ್ಟೇ ಗಟ್ಟಿ. ಕ್ರೇಫಿಶ್ ಅನ್ನಿಸಿದರೆ ನೀರಿಗೆ ವಾಪಸ್ ಬಿಡಬೇಡಿ, ಮುಚ್ಚಳ ಇರುವ ಬಕೆಟ್‌ಗೆ ಹಾಕಿ. ಮುಚ್ಚಳ ಮುಖ್ಯ, ಅದು ಹತ್ತಿ ಹೋಗುತ್ತದೆ. ಮೇಲಿನಿಂದ, ಕೆಳಗಿನಿಂದ ಫೋಟೊ ತೆಗೆಯಿರಿ. ಯಾವ ಕೆರೆ, ಯಾವ ತೂಬಿನ ಹತ್ತಿರ, ಯಾವ ದಿನ ಅಂತ ಬರೆದುಕೊಂಡು ಜಿಲ್ಲೆಯ ಮೀನುಗಾರಿಕೆ ಇಲಾಖೆಗೂ ವಿಶ್ವವಿದ್ಯಾಲಯಕ್ಕೂ ತಿಳಿಸಿ. ಒಂದು ಸಿಕ್ಕಿದೆ ಅಂದರೆ ಅದೇ ಕೆರೆಯಲ್ಲಿ ಇನ್ನೂ ಕೆಲವು ದಿನ ಬಲೆ ಬಿಟ್ಟು ನೋಡಿ. ಆ ಬಲೆಯನ್ನು ಬೇರೆ ಕೆರೆಗೆ ತೆಗೆದುಕೊಂಡು ಹೋಗುವ ಮೊದಲು ಚೆನ್ನಾಗಿ ತೊಳೆದು, ಬಿಸಿಲಿನಲ್ಲಿ ಗರಿಗರಿಯಾಗುವ ತನಕ ಒಣಗಿಸಿ.